ಹಗಲು ಕೆಳಗೆ, ರಾತ್ರಿ ಮೇಲೆ

ಭೂಪಟದಲ್ಲಿ ಬದುಕ್ರೊಮ್ ಒಂದೇ ಊರು. ಆ ಭೂಪಟ ಬರೆದ ಪುಣ್ಯಾತ್ಮ ಅಲ್ಲಿ ಒಂದು ದಿನ ಇದ್ದು ನೋಡಿದ್ದರೆ ಎರಡು ಚುಕ್ಕೆ ಇಡುತ್ತಿದ್ದ. ಗುಡ್ಡದ ಮೇಲೆ ಮೇಲ್ಕೇರಿ, ತಗ್ಗಿನಲ್ಲಿ ಕೆಳಕೇರಿ, ನಡುವೆ ಒಂದು ಹಳ್ಳ, ಹಳ್ಳದ ಮೇಲೆ ಅಲುಗಾಡುವ ಹಲಗೆಯ ಸೇತುವೆ. ಊರಿನ ಜನಸಂಖ್ಯೆ ಎಷ್ಟು ಎಂದು ಯಾರಾದರೂ ಕೇಳಿದರೆ, ಯಾವ ಹೊತ್ತಿನದು ಎಂದು ತಿರುಗಿ ಕೇಳಬೇಕು.

ಇಲ್ಲಿ ಹೆಣ್ಣು ಮದುವೆಯಾದ ಮೇಲೂ ತಾಯಿಯ ಮನೆ ಬಿಡುವುದಿಲ್ಲ, ಗಂಡೂ ತನ್ನ ತಾಯಿಯ ಮನೆ ಬಿಡುವುದಿಲ್ಲ. ಹೆಂಡತಿ ಸಂಜೆ ತನ್ನ ಮನೆಯಲ್ಲಿ ಅಡುಗೆ ಮಾಡಿ, ಬಟ್ಟಲು ತಲೆಯ ಮೇಲಿಟ್ಟುಕೊಂಡು ಗಂಡನ ಮನೆಗೆ ಹೋಗುತ್ತಾಳೆ. ರಾತ್ರಿ ಅಲ್ಲಿ ಮಲಗಿ, ಕೋಳಿ ಕೂಗುವಾಗ ಹಿಂದಿರುಗುತ್ತಾಳೆ. ಮೇಲ್ಕೇರಿಯದೆಲ್ಲ ಒಂದೇ ಕುಲವಾದ್ದರಿಂದ ಅವರಿಗೆ ಕೆಳಕೇರಿಯ ಹೆಣ್ಣುಗಳೇ ಗತಿ. ಕೆಳಕೇರಿಯ ಗಂಡಸರಲ್ಲೋ, ಮುಕ್ಕಾಲು ಪಾಲು ಜನ ಕಟ್ಟಳೆ ಬದಿಗಿಟ್ಟು ಮೇಲ್ಕೇರಿಯ ಹೆಂಡಿರನ್ನೂ ಕರೆದುಕೊಂಡು ದೂರದ ಕೋಕೋ ತೋಟಗಳಲ್ಲಿ ಬೀಡುಬಿಟ್ಟಿದ್ದರು. ಹೀಗಾಗಿ ಕೆಳಗಿಳಿಯುವ ಬಟ್ಟಲುಗಳು ಕಡಿಮೆ, ಮೇಲೇರುವವೇ ಹೆಚ್ಚು. ಹಗಲು ಊರಿನ ಭಾರವೆಲ್ಲ ಕೆಳಗೆ, ರಾತ್ರಿ ಮೇಲೆ.

ಆ ವರ್ಷ ಜನಗಣತಿ ಬಂತು. ಜೊತೆಗೇ ತಗಡಿನ ಮಾಡಿನ ಹೊಸ ಮಾರುಕಟ್ಟೆಯ ಸುದ್ದಿಯೂ ಬಂತು. ಜನ ಹೆಚ್ಚಿರುವ ಕೇರಿಗೆ ಮಾರುಕಟ್ಟೆ ಎಂದರು ಜಿಲ್ಲೆಯವರು. ಗಣತಿ ಅಧಿಕಾರಿ ಕರೆದ ಸಭೆಯಲ್ಲಿ, ಹಗಲಿನ ಲೆಕ್ಕ ಹಿಡಿಯಿರಿ ಎಂದು ಕೆಳಕೇರಿಯವರು ಕೂಗಾಡಿದರು. ಆಗ ಎದ್ದು ನಿಂತವನು, ಹಿರಿಯನೆಂದು ಊರು ಒಪಾನಿನ್ ಎನ್ನುತ್ತಿದ್ದ ದ್ವೊಮೊ. ಮೇಲ್ಕೇರಿಯ ಮುಖ್ಯಸ್ಥ ಬೊಫೊ, ಗೌರವಕ್ಕೆ ಎಲ್ಲರೂ ಕರೆಯುವಂತೆ ನಾನಾ ಬೊಫೊ, ಕಟ್ಟಳೆಯ ಪ್ರಕಾರ ಸಭೆಯಲ್ಲಿ ತಾನಾಗಿ ಬಾಯಿ ತೆರೆಯುವಂತಿಲ್ಲ, ಅವನ ಮಾತನ್ನೆಲ್ಲ ಆಡುವವನು ದ್ವೊಮೊ. ಕೈಯಲ್ಲಿ ಮಾತಿನವನ ಕೋಲು, ನಾಲಿಗೆಯಲ್ಲಿ ಎಣ್ಣೆ.

"ಸ್ವಾಮಿ, ಹಗಲು ಮನುಷ್ಯ ಎಲ್ಲಿ ಬೇಕಾದ್ರೂ ಅಲೀತಾನೆ, ಆಡೂ ಅಲಿಯುತ್ತೆ. ರಾತ್ರಿ ಎಲ್ಲಿ ತಲೆ ಇಡ್ತಾನೋ ಅದೇ ಅವನ ಜಾಗ. ಗಣತಿಯ ರಾತ್ರಿ ಯಾರು ಎಲ್ಲಿ ಮಲಗ್ತಾರೋ ಅಲ್ಲಿಗೇ ಬರ್ಕೊಳ್ಳಿ."

ಅಧಿಕಾರಿ ತಲೆಯಾಡಿಸಿದ. ಗಣತಿಯ ಕ್ರಮವೂ ಅದೇ ಆಗಿತ್ತು. ಮೇಲ್ಕೇರಿಯಲ್ಲಿ ಅವತ್ತು ತಾಳೆಹೆಂಡ ಹರಿಯಿತು. ಹೆಂಡಿರ ತಲೆಗಳನ್ನೆಲ್ಲ ತಮ್ಮ ಚಾಪೆಯ ಲೆಕ್ಕಕ್ಕೆ ಸೇರಿಸಿಕೊಂಡು ಗಂಡಸರು ಬೀಗಿದ್ದೇ ಬೀಗಿದ್ದು. ಆ ತಲೆಗಳನ್ನು ಒಂದು ಮಾತು ಕೇಳಬೇಕಿತ್ತು ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಗಣತಿಯ ದಿನ ಮಧ್ಯಾಹ್ನ ದ್ವೊಮೊ ಮೇಲ್ಕೇರಿಯ ಹಳೆಯ ಸಂತೆಯಲ್ಲಿ ಹೆಂಡತಿ ಪೊಮಾಳನ್ನು ಕಂಡ. ಬದನೆಕಾಯಿ ಬುಟ್ಟಿ ಇಳಿಸಿ, ಮಂಡಿ ನೀವುತ್ತ ಕೂತಿದ್ದಳು.

"ರಾತ್ರಿ ಬೇಗ ಬಂದುಬಿಡು, ಪೊಮಾ. ಬೆಳಿಗ್ಗೆ ಎಣಿಸೋರು ಬರ್ತಾರೆ."

"ನಾನು ಬರಲ್ಲ."

"ಅಂದ್ರೆ?"

"ಅಂದ್ರೆ ಬರಲ್ಲ. ಕೆಳಗಿನ ಹೆಂಗಸರು ಯಾರೂ ಬರಲ್ಲ. ಹಗಲು ಬುಟ್ಟಿ ಹೊತ್ಕೊಂಡು ಈ ಗುಡ್ಡ ಹತ್ತಬೇಕು, ಸಂಜೆ ಬಟ್ಟಲು ಹೊತ್ಕೊಂಡು ಮತ್ತೆ ಹತ್ತಬೇಕು. ಹೊಸ ಮಾರುಕಟ್ಟೆನೂ ಮೇಲೇ ಬೇಕು ಅಂತ ಕೋಲು ಹಿಡ್ಕೊಂಡು ವಾದ ಮಾಡ್ತೀರಲ್ಲ, ನನ್ನ ಮಂಡಿ ನಿಮ್ಮ ಕಣ್ಣಿಗೆ ಬೀಳಲೇ ಇಲ್ವಾ?"

ದ್ವೊಮೊ ಬುಟ್ಟಿಯಿಂದ ಒಂದು ಬದನೆಕಾಯಿ ಎತ್ತಿ ಮತ್ತೆ ಅಲ್ಲೇ ಇಟ್ಟ.

"ಇವತ್ತು ತಾಳೆಹಣ್ಣಿನ ಸಾರು, ಬಸವನಹುಳು ಹಾಕಿದ್ದೀನಿ," ಎಂದಳು ಪೊಮಾ. "ಬೇಕಾದ್ರೆ ಕೆಳಗೆ ಬನ್ನಿ, ಉಂಡು ಅಲ್ಲೇ ಮಲಗಿ."

"ನನ್ನ ಆಣೆ ಗೊತ್ತಲ್ಲ ನಿನಗೆ! ಆ ತಾಚಿ ಇರೋ ಅಂಗಳಕ್ಕೆ ಕಾಲಿಡಲ್ಲ ಅಂದಿದ್ದೀನಿ."

ತಾಚಿ ಅವಳ ತಮ್ಮ. ಹಿಂದೊಮ್ಮೆ, ಮಣೆಯ ಮೇಲೆ ಕಾಯಿ ನಡೆಸುವ ದಾಮೆಯಾಟದಲ್ಲಿ, ದ್ವೊಮೊ ದಾರಿಹೋಕರಿಗೆ ನಮಸ್ಕಾರ ಹೇಳಲು ತಿರುಗಿದ್ದೇ ತಡ, ತಾಚಿ ಒಂದು ಕಾಯಿ ಹಾರಿಸಿಬಿಟ್ಟ ಎಂಬುದು ಜಗಳ. ಅಂದಿನಿಂದ ದ್ವೊಮೊ ಹಳ್ಳ ದಾಟಿಲ್ಲ.

"ಒಂದು ಮರದ ಕಾಯಿಗೋಸ್ಕರ ಇಷ್ಟು ವರ್ಷ ನನ್ನನ್ನ ಗುಡ್ಡ ಹತ್ತಿಸಿದ್ರಿ," ಎಂದಳು ಪೊಮಾ. ದನಿ ಏರಲಿಲ್ಲ, ಅದೇ ದ್ವೊಮೊನನ್ನು ಹೆದರಿಸಿತು. "ಇವತ್ತು ಬರಲಿಲ್ಲ ಅಂದ್ರೆ ನಾಳೆಯೂ ನನ್ನ ದಾರಿ ಕಾಯಬೇಡಿ. ನಾಡಿದ್ದೂ ಅಷ್ಟೇ."

ಸಂಜೆಯಾಯಿತು. ಕೆಳಗೆ ಫೂಫೂ ಮುದ್ದೆಗೆ ಬೆಂದ ಗೆಡ್ಡೆ ಕುಟ್ಟುವ ಒನಕೆಗಳು ಎಂದಿನಂತೆ ದಡದಡಿಸಿದವು, ನಿಂತವು. ಮೇಲ್ಕೇರಿಯ ಗಂಡಸರು ಕೈ ತೊಳೆದುಕೊಂಡು ಕಾದರು. ದಾರಿಯಲ್ಲಿ ಒಂದು ಬಟ್ಟಲೂ ಕಾಣಲಿಲ್ಲ. ಗಾಳಿಗೆ ಮಾತ್ರ ಯಾವ ಪಕ್ಷವೂ ಇರಲಿಲ್ಲ, ಹೊಗೆಯಲ್ಲಿ ಒಣಗಿಸಿದ ಮೀನಿನ ವಾಸನೆಯನ್ನು ಧಾರಾಳವಾಗಿ ಮೇಲಕ್ಕೆ ತಂದು ಸುರಿಯಿತು.

ಮೊದಲು ಎದ್ದವನು ದರ್ಜಿ. "ನನ್ನ ಆಡು ಕೆಳಗೆ ಹೋದಂಗಿದೆ, ನೋಡ್ಕೊಂಡು ಬರ್ತೀನಿ," ಎಂದ. ಅವನಿಗೆ ಆಡೇ ಇರಲಿಲ್ಲ. ಆಮೇಲೆ ಇನ್ನೊಬ್ಬನಿಗೆ ಅತ್ತೆಯ ಜ್ವರದ ನೆನಪಾಯಿತು, ಮತ್ತೊಬ್ಬನಿಗೆ ಕೆಳಗೆ ಯಾರಿಗೋ ಕೊಟ್ಟ ಗುದ್ದಲಿಯ ನೆನಪಾಯಿತು. ಕತ್ತಲಾಗುವ ಮೊದಲೇ ಮೇಲ್ಕೇರಿಯ ಜಗಲಿಗಳು ಬಿಕೋ ಎಂದವು. ಉಳಿದವರು ನಾನಾ ಬೊಫೊ ಮತ್ತು ದ್ವೊಮೊ.

"ನಾನು ಪೀಠ ಬಿಟ್ಟು ಹೋಗೋ ಹಾಗಿಲ್ಲ," ಎಂದ ನಾನಾ ಬೊಫೊ, ಹೊಟ್ಟೆ ಸವರಿಕೊಳ್ಳುತ್ತ. "ನೀನ್ಯಾಕೆ ಇಲ್ಲಿ ಕೂತಿದ್ದೀಯೋ?"

"ನಿಮ್ಮ ಮಾತು ಆಡಬೇಕಾದವನು ನಾನೇ ಓಡಿಹೋದ್ರೆ ಹೇಗೆ, ನಾನಾ?"

"ಯಾರ ಹತ್ರ ಆಡ್ತೀಯ, ಕೋಳಿಗಳ ಹತ್ರಾನಾ? ಹೋಗಯ್ಯ. ಮಾರುಕಟ್ಟೆ ಎಲ್ಲಾದ್ರೂ ಆಗಲಿ. ಹೋದವನು ಯಾರ ಕೈಲಾದ್ರೂ ನನಗೊಂದು ಬಟ್ಟಲು ಕಳಿಸು."

ದ್ವೊಮೊ ಕೋಲನ್ನು ಅಲ್ಲೇ ಗೋಡೆಗೆ ಒರಗಿಸಿ ಹೊರಟ. ಇಳಿಜಾರಿನಲ್ಲಿ ಕಲ್ಲು ಜಾರಿತು, ಬೇರಿಗೆ ಕಾಲು ಎಡವಿತು. ಸೇತುವೆಯ ನಡುವಿನ ಹಲಗೆ ಕಾಲಡಿಯಲ್ಲಿ ಮಗುಚಿಕೊಳ್ಳಲು ನೋಡಿತು. ಎರಡೂ ಕೈಯಲ್ಲಿ ಹಗ್ಗ ಹಿಡಿದುಕೊಂಡು ಅವನು ಅಲ್ಲೇ ನಿಂತ. ಬರಿಗೈಯಲ್ಲಿ, ಇಳಿಯುವುದಕ್ಕೇ ಇಷ್ಟು ಏದುಸಿರು. ಅವಳು ತಲೆಯ ಮೇಲೆ ಬಿಸಿ ಸಾರು ಹೊತ್ತು, ಮಳೆಯಲ್ಲೂ ಒಂದು ಹನಿ ಚೆಲ್ಲದೆ ಏರಿ ಬರುತ್ತಿದ್ದಳು. ಉಪ್ಪು ಕಡಿಮೆಯಾಗಿದೆ ಎಂದು ಎಷ್ಟೋ ಸಲ ತಾನು ಮುಖ ಗಂಟಿಕ್ಕಿದ್ದು ನೆನಪಾಗಿ ದ್ವೊಮೊಗೆ ನಾಚಿಕೆಯಾಯಿತು, ಒಬ್ಬನೇ ಇದ್ದರೂ ತಲೆ ತಗ್ಗಿಸುವಷ್ಟು ನಾಚಿಕೆ.

ಅಂಗಳದಲ್ಲಿ ತಾಚಿ ಕಾಲು ಚಾಚಿ ಕೂತಿದ್ದ.

"ಓಹೋ, ಭಾವ! ದಾರಿ ತಪ್ಪಿ ಬಂದ್ರಾ? ಇಲ್ಲಾ ಆಡು ಹುಡುಕ್ಕೊಂಡಾ? ಇವತ್ತು ನಿಮ್ಮ ಕೇರಿ ಆಡೆಲ್ಲಾ ಇಲ್ಲೇ ಇವೆ."

"ನಾನು ನನ್ನ ಹೆಂಡ್ತಿ ಮನೆಗೆ ಬಂದಿದ್ದೀನಿ. ನಿನ್ನ ಮುಖ ನೋಡೋಕಲ್ಲ."

"ನನ್ನ ತಾಯಿ ಮನೆ ಇದು. ಮುಖ ಜೊತೆಗೇ ಬರುತ್ತೆ."

ಪೊಮಾ ಒಳಗಿನಿಂದ ಬಂದಳು. ದ್ವೊಮೊನನ್ನು ಕಂಡು ಮತ್ತೆ ಒಳಗೆ ಹೋಗಿ ಫೂಫೂ, ಸಾರು ತಂದಳು. ಇಬ್ಬರ ನಡುವೆ ಒಂದೇ ದೊಡ್ಡ ಬಟ್ಟಲು ಕುಕ್ಕಿದಳು.

"ಕೈ ತೊಳ್ಕೊಳ್ಳಿ ಇಬ್ರೂ."

ಒಂದೇ ಬಟ್ಟಲಿಗೆ ಕೈ ಹಾಕಿದವರು ಎಷ್ಟು ಹೊತ್ತು ಬಿಗಿದುಕೊಂಡಿರಲು ಸಾಧ್ಯ? ಕೊನೆಯ ಬಸವನಹುಳುವಿಗೆ ಬಂದಾಗ ಎರಡು ಕೈಯೂ ನಿಂತವು. "ತಗೊಳ್ಳಿ ಭಾವ," ಎಂದ ತಾಚಿ ಗೊಣಗುತ್ತ, "ಆ ಕಾಯಿ ಲೆಕ್ಕಕ್ಕೆ ಇದು." ದ್ವೊಮೊ ಅದನ್ನು ಬಾಯಿಗೆ ಹಾಕಿಕೊಂಡು, ನಗು ಬಂದು, ಉಸಿರುಗಟ್ಟಿ ಕೆಮ್ಮಿದ. ತಾಚಿ ಅವನ ಬೆನ್ನಿಗೆ ಬೇಕಾದ್ದಕ್ಕಿಂತ ಜೋರಾಗಿಯೇ ಗುದ್ದಿದ.

ಬೆಳಿಗ್ಗೆ ಗಣತಿಯ ಹುಡುಗಿ ಬಂದಳು. ಪಕ್ಕದೂರಿನ ಶಾಲೆಯ ಟೀಚರ್, ಸಭೆಯ ದಿನ ಅಧಿಕಾರಿಯ ಜೊತೆ ಇದ್ದವಳು. ಇಡೀ ಕೆಳಕೇರಿ ಸುತ್ತಿ ಬಂದು ಅವಳಿಗೆ ಆಗಲೇ ತಲೆ ಚಿಟ್ಟು ಹಿಡಿದಿತ್ತು.

"ಮನೆ ಯಜಮಾನರು?"

"ನಾನೇ," ಎಂದಳು ಪೊಮಾ.

"ರಾತ್ರಿ ಇಲ್ಲಿ ಮಲಗಿದ್ದೋರು?" ಹುಡುಗಿ ತಲೆಯೆತ್ತಿ ದ್ವೊಮೊನನ್ನು ನೋಡಿದಳು. "ಅಯ್ಯೋ, ಮಲಗಿದ ಜಾಗವೇ ಮನುಷ್ಯನ ಜಾಗ ಅಂತ ಹೇಳಿದೋರು ನೀವೇ ಅಲ್ವಾ?"

"ನಾನೇ, ತಾಯಿ. ಬರ್ಕೋ. ನನ್ನ ಮಾತಿಗೆ ನಾನೇ ಸಿಕ್ಕಿಬಿದ್ದೆ."

"ನೀವು ನೆಂಟರೋ, ಮನೆಯವರೋ? ಅದನ್ನೂ ಬರೀಬೇಕು."

"ನೆಂಟ ಅಂತ ಬರಿ," ಎಂದ ತಾಚಿ. ಚುಚ್ಚಲು ಹೇಳಿದ್ದಲ್ಲ, ಭಾವನ ಮರ್ಯಾದೆ ಉಳಿಸಲು ಹೇಳಿದ್ದು. ಹೆಂಡತಿಯ ಮನೆ ಸೇರಿದ ಗಂಡಸನ್ನು ಬದುಕ್ರೊಮ್ ಹುರಿದು ಮುಕ್ಕುತ್ತದೆ. ಮಾತಿನವನೇ ಸೇರಿಕೊಂಡರಂತೂ ಮೊಮ್ಮಕ್ಕಳ ಕಾಲದವರೆಗೆ ಹಾಡು ಕಟ್ಟುತ್ತದೆ.

ಪೊಮಾ ನೆಲದ ಕಡೆ ನೋಡುತ್ತ ಮಂಡಿಯ ಮೇಲೆ ಕೈ ಆಡಿಸುತ್ತಿದ್ದಳು. ದ್ವೊಮೊ ಆ ಕೈಯನ್ನೇ ನೋಡಿದ. ಜೀವಮಾನವಿಡೀ ಬೇರೆಯವರ ಮಾತನ್ನು ಚೆಂದ ಮಾಡಿ ಆಡಿದ್ದವನು ಈಗ ತನ್ನದೇ ಒಂದು ಮಾತು ಆಡಿದ.

"ಮನೆಯವನು ಅಂತ ಬರಿ. ಇನ್ಮೇಲೆ ಹತ್ತೋದು ಇಳಿಯೋದು ಏನಿದ್ರೂ ನಂದು."

ತಾಚಿ ಬಾಯಿ ತೆರೆದವನು ಮುಚ್ಚಲು ಮರೆತ. ಪೊಮಾ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಪೆನ್ಸಿಲಲ್ಲಿ ಬರಿ ಮಗಳೇ," ಎಂದಳು. "ಈ ಗಂಡಸರನ್ನ ನಂಬೋಕಾಗಲ್ಲ."

"ಅಮ್ಮ, ನನ್ನ ಹತ್ರ ಪೆನ್ನೇ ಇರೋದು."

ಪೊಮಾ ಗಂಡನನ್ನು ಅಡಿಯಿಂದ ಮುಡಿಯವರೆಗೆ, ಸಂತೆಯಲ್ಲಿ ಬದನೆಕಾಯಿ ಆರಿಸುವಂತೆ ನೋಡಿದಳು.

"ಹೋಗ್ಲಿ ಬಿಡು, ಪೆನ್ನಲ್ಲೇ ಬರಿ."