ಕಾಗಿಣಾ ಮಹಿಳಾ ಗಾಲ್ಫ್ ಸಂಘದ ಕೊನೆಯ ಪಂದ್ಯ

ಪೀರಮ್ಮ ಮದುವೆಯಾಗಿ ಬಂದ ವರ್ಷ ಕಾಲೊನಿಯ ಹೆಂಗಸರು ಗಾಲ್ಫ್ ಮೈದಾನವನ್ನು ಬೇಲಿಯ ಆಚೆ ನಿಂತು ನೋಡುತ್ತಿದ್ದರು, ಅಷ್ಟೆ. ಶಹಾಬಾದದಿಂದ ವಾಡಿಗೆ ಹೋಗುವ ದಾರಿಯಲ್ಲಿದ್ದ ಸಿಮೆಂಟ್ ಕಾರ್ಖಾನೆಯ ಕಾಲೊನಿ ಅದು. ಕಲ್ಲಿನ ಗಣಿಯ ಹಿಂದೆ ರೈಲು ಹಳಿಯವರೆಗೂ ಹಬ್ಬಿದ ಎರೆ ಭೂಮಿಯಲ್ಲಿ ಹಿಂದೆ ಯಾರೋ ಬಿಳಿಯ ಸಾಹೇಬರು ಕುಣಿ ತೋಡಿಸಿ, ಚೆಂಡು ಹೊಡೆಯುವ ಆಟ ಶುರು ಮಾಡಿದ್ದರಂತೆ. ಶ್ರಾವಣದಲ್ಲಿ ಒಂದಿಷ್ಟು ಹುಲ್ಲು. ಉಳಿದ ಕಾಲವೆಲ್ಲ ಬಿರುಕು ಬಿಟ್ಟ ಕಪ್ಪು ಮಣ್ಣು, ಅದರ ಮೇಲೆ ಸಿಮೆಂಟಿನ ಬೂದಿ. ಕುಣಿಗಳ ಸುತ್ತ ಮಾತ್ರ ಮರಳಿಗೆ ಸುಟ್ಟ ಎಣ್ಣೆ ಬೆರೆಸಿ ನುಣ್ಣಗೆ ತಟ್ಟಿರುತ್ತಿದ್ದರು.

ಪೀರಮ್ಮನ ಗಂಡ ದೇವಿಂದ್ರಪ್ಪ ಗುಂಡಗುರ್ತಿಯವನು, ಕಾರ್ಖಾನೆಯಲ್ಲಿ ಕೆಮಿಸ್ಟ್. ಅವನ ಮನೆತನದಲ್ಲಿ ಕುರ್ಚಿಯ ಮೇಲೆ ಕೂತು ಸಂಬಳ ತಂದವನು ಅವನೇ ಮೊದಲು. ಅವರ ಪಕ್ಕದ ಬಂಗ್ಲೆಯಲ್ಲಿ ಪರ್ಸೊನೆಲ್ ಆಫೀಸರ್ ಅಬ್ದುಲ್ ಮಜೀದ ಸಾಹೇಬರಿದ್ದರು. ಅವರ ಹೆಂಡತಿ ಸೈದಾನಬಿ ಸಿಕಂದರಾಬಾದಿನ ರೈಲ್ವೆ ಅಧಿಕಾರಿಯ ಮಗಳು. ತಂದೆಯ ಜೊತೆ ಹೋಗಿ ಹೋಗಿ ಆಟ ಕಲಿತವಳು. ಗಂಡಸರು ಕಾರ್ಖಾನೆಯಲ್ಲಿರುವ ಮಧ್ಯಾಹ್ನದ ಉರಿಬಿಸಿಲಿನಲ್ಲಿ ಪೀರಮ್ಮನನ್ನು ಮೊದಲ ಸಲ ಮೈದಾನಕ್ಕೆ ಎಳೆದುಕೊಂಡು ಹೋದದ್ದು ಅವಳೇ.

“ಆಪಾ, ಯಾರರ ನೋಡಿದ್ರ ನಗತಾರ್ರಿ,” ಎಂದಳು ಪೀರಮ್ಮ. ಅಕ್ಕ ಎಂಬರ್ಥದಲ್ಲಿ ಅವಳನ್ನು ಹಾಗೆ ಕರೆಯುತ್ತಿದ್ದಳು.

“ನಗಲಿ ಬಿಡು. ನಕ್ಕು ನಕ್ಕು ಬ್ಯಾಸರಾಗಿ ಮನಿಗಿ ಹೋಗತಾರ. ನೀ ಚೆಂಡಿನ ಮ್ಯಾಲ ಕಣ್ಣಿಡು.”

ಪೀರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೋಲು ಬೀಸಿದಳು. ಚೆಂಡು ಹಳಿಯ ಕಡೆ ಹಾರಿ ಎಲ್ಲಿ ಬಿತ್ತೋ ಕಾಣಲಿಲ್ಲ. ಸೈದಾನಬಿ ಬಾಯಿ ತೆರೆದು ನಿಂತಳು. ಅಂದಿನಿಂದ ಪೀರಮ್ಮನಿಗೆ ಅದು ಹುಚ್ಚಾಯಿತು.

ಇವರಿಬ್ಬರಿಂದಲೇ ಸಂಘ ಹುಟ್ಟಿತು. ವಾಡಿ ಸ್ಟೇಶನ್ ಮಾಸ್ತರರ ಹೆಂಡತಿ ಭಾಗಮ್ಮ ತನ್ನ ಗೆಳತಿಯರನ್ನು ಕಟ್ಟಿಕೊಂಡು ಬಂದಳು. ಸೇಡಂನಿಂದ ಡಾಕ್ಟರ ಹೆಂಡತಿ, ಚಿಂಚೋಳಿಯಿಂದ ಅರ್ಧ ತೆಲುಗು ಮಾತಾಡುವ ರೇಂಜರ್ ಸಾಹೇಬರ ಹೆಂಡತಿ ಬಂದರು. ಸೀಮೆಯ ಹೊಳೆಯ ಹೆಸರನ್ನೇ ಇಟ್ಟು ‘ಕಾಗಿಣಾ ಮಹಿಳಾ ಗಾಲ್ಫ್ ಸಂಘ’ ಎಂದರು. ಸೈದಾನಬಿ ಅಧ್ಯಕ್ಷೆ, ಪೀರಮ್ಮ ಕಾರ್ಯದರ್ಶಿ. ಮೈದಾನ ನಡೆಸುತ್ತಿದ್ದ ಕ್ಲಬ್ಬಿನ ಗಂಡಸರು ಎರಡು ಷರತ್ತು ಹಾಕಿದರು: ಮಧ್ಯಾಹ್ನ ಮಾತ್ರ ಆಡಬೇಕು, ಮತ್ತು ಅಧಿಕಾರಿಗಳ ಹೆಂಡಂದಿರಷ್ಟೇ ಸದಸ್ಯರಾಗಬೇಕು. ಒಪ್ಪುವಾಗ ಯಾರಿಗೂ ಏನೂ ಅನ್ನಿಸಲಿಲ್ಲ. ಪೀರಮ್ಮನಿಗೂ ಅನ್ನಿಸಲಿಲ್ಲ.

ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ವರ್ಷ ಬೆಂಗಳೂರಿನ ಮಹಿಳಾ ಪಂದ್ಯಾವಳಿಗೆ ಸಂಘವನ್ನು ಕರೆದರು. ಕರೆ ಬಂದದ್ದು ಅದೇ ಮೊದಲು. ಶಿವರಾತ್ರಿ ಮುಗಿದ ಮೇಲೆ ತಮ್ಮತಮ್ಮಲ್ಲೇ ಪಂದ್ಯ ಆಡಿ, ಗೆದ್ದವರನ್ನು ಕಳಿಸುವುದೆಂದು ಆಯಿತು. ಪೀರಮ್ಮ ಹೋಗುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ದೇವಿಂದ್ರಪ್ಪ ಗುಲಬರ್ಗಾದಿಂದ ಅವಳಿಗೆ ಬಿಳಿ ಕ್ಯಾನ್ವಾಸ್ ಬೂಟು ತಂದುಕೊಟ್ಟ.

ಚಳಿಗಾಲದಲ್ಲಿ ಅವನಿಗೆ ಕಾಮಾಲೆಯಾಯಿತು. ಗಿಡಮೂಲಿಕೆ ಆಯಿತು, ಗುಲಬರ್ಗಾದ ದವಾಖಾನೆಯೂ ಆಯಿತು. ಸಂಕ್ರಾಂತಿಯ ಹಿಂದಿನ ದಿನ ತೀರಿಕೊಂಡ.

ಮಣ್ಣು ಮಾಡಿ ಬಂದ ಮೇಲೆ ಅತ್ತೆ ಗುಂಡಮ್ಮ ಕ್ವಾರ್ಟರ್ಸಿನಲ್ಲಿ ಪಾತ್ರೆ ಪಗಡೆ ಗಂಟು ಕಟ್ಟತೊಡಗಿದಳು.

“ನಡಿ ಊರಿಗಿ. ಇಲ್ಲಿ ಯಾರ ಅದಾರ ನಿನಗ? ಅಂವನ ಹೆಸರಿಗಿ ಕೊಟ್ಟ ಮನಿ, ಅಂವನ ಜೊತಿಗೇ ಹೋಯ್ತು.”

“ಪಂದ್ಯ ಆಗೋ ತನಕ ತಡಿ, ಅತ್ತಿ.”

“ಯಾವ ಪಂದ್ಯ? ಮಂದಿ ಮಾರಿಗಿ ಉಗಳತಾರ. ರಂಡಿಮುಂಡಿ ಕೋಲ್ ಹಿಡಕೊಂಡು ಬಯಲಾಗ ತಿರಗತಾಳಂತ.”

“ಉಗಳಲಿ. ನನಗ ಅದೊಂದೇ ಉಳದದ.”

ಗುಂಡಮ್ಮ ಗಂಟು ಬಿಟ್ಟು ಗೋಡೆಗೆ ಒರಗಿ ಅತ್ತಳು. ಮಗನನ್ನು ಕಳೆದುಕೊಂಡವಳು ಅವಳೂ. ಪೀರಮ್ಮನಿಗೆ ಮಕ್ಕಳಾಗಿರಲಿಲ್ಲ. ಗುಂಡಗುರ್ತಿಯಲ್ಲಿ ತನಗೆ ಏನು ಕಾದಿದೆಯೆಂದು ಅವಳಿಗೆ ಗೊತ್ತಿತ್ತು: ಒಳಮನೆ, ಒಲೆ, ಮದುವೆ ಮುಂಜಿಗಳಲ್ಲಿ ಎದುರು ಬರಬಾರದೆಂಬ ಎಚ್ಚರ. ಬೆಂಗಳೂರಿಗೆ ಹೋಗಿ ಆಡಿ ಬಂದರೆ ಕಾಲೊನಿಯ ಶಾಲೆಯಲ್ಲಿ ಆಟ ಕಲಿಸುವ ಕೆಲಸ ಕೇಳಬಹುದು ಎಂದು ಅವಳ ಮನಸ್ಸು ಹಿಡಿದುಕೊಂಡಿತ್ತು. ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲ. ಮುಳುಗುವವಳಿಗೆ ಹುಲ್ಲುಕಡ್ಡಿ.

ಮಜೀದ ಸಾಹೇಬರು ತಾವೇ ಬಂದು ಬಾಗಿಲಲ್ಲಿ ನಿಂತರು. ಟೊಪ್ಪಿಗೆ ಕೈಯಲ್ಲಿತ್ತು.

“ತಂಗಿ, ಮ್ಯಾಲಿನ ಹುಕುಂ ಅದ. ಮನಿ ಖಾಲಿ ಮಾಡಬೇಕಾಗತದ. ಮತ್ತ... ಮೈದಾನಕ್ಕೂ ಇನ್ನ ಬರಾಕ ಆಗಂಗಿಲ್ಲ. ನೀವು ಈಗ ಅಧಿಕಾರಿ ಮನಿಯವರಲ್ಲಂತ ಕ್ಲಬ್ ಕಮಿಟಿಯವರು ಅನ್ನಲಿಕತ್ತಾರ.”

“ಸಾಹೇಬ್ರ, ಪಂದ್ಯ ಒಂದರ ಆಡಾಕ ಬಿಡ್ರಿ. ಕೈ ಮುಗೀತೀನಿ.”

ಅವರು ಮುಖ ಬೇರೆ ಕಡೆ ತಿರುಗಿಸಿದರು. “ನನ್ನ ಕೈಯಾಗ ಇಲ್ಲ.”

ಪೀರಮ್ಮ ಹಿತ್ತಲಿನಿಂದ ಸೈದಾನಬಿಯ ಬಳಿ ಓಡಿದಳು. ಆ ಷರತ್ತು ಒಪ್ಪಿ ನಿಯಮವೆಂದು ಬರೆದುಕೊಂಡವರು ನಾವು, ತಿದ್ದುವುದೂ ನಮ್ಮಿಂದಲೇ ಆಗಬೇಕು. ಒಮ್ಮೆ ಸದಸ್ಯೆಯಾದವಳು ಗಂಡನಿದ್ದರೂ ಇಲ್ಲದಿದ್ದರೂ ಸದಸ್ಯೆಯೇ ಎಂದು ಬರೆಯೋಣ ಎಂದಳು. ಸೈದಾನಬಿ ಅವಳನ್ನು ತಬ್ಬಿಕೊಂಡು, ಸಭೆ ಕರೆಯುತ್ತೇನೆಂದಳು.

ಸಭೆ ಸೈದಾನಬಿಯ ಪಡಸಾಲೆಯಲ್ಲೇ ಸೇರಿತು. ವಾಡಿಯ ಭಾಗಮ್ಮ ಎದ್ದು ನಿಂತು, “ನಾಳಿ ನಮ್ಮ ಪಾಳಿ ಬರತದ, ತಿಳೀತಿಲ್ಲೇನ್ರಿ?” ಎಂದಳು. ಅವಳೊಂದಿಗೆ ಬಂದವರೆಲ್ಲ ಕೈ ಎತ್ತಿದರು. ಸೇಡಂ ಮತ್ತು ಚಿಂಚೋಳಿಯವರೂ ಎತ್ತಿದರು. ಕಾಲೊನಿಯ ಹೆಂಗಸರು ಎತ್ತಲಿಲ್ಲ. ಪೀರಮ್ಮನ ಮನೆಯಲ್ಲಿ ಎಷ್ಟೋ ಸಲ ಊಟ ಮಾಡಿದ್ದವರು ನೆಲ ನೋಡುತ್ತ ಕೂತರು. ಎರಡೂ ಕಡೆ ಸರಿಸಮವಾಯಿತು. ಇನ್ನು ಅಧ್ಯಕ್ಷೆಯ ಮಾತೇ ಕೊನೆ.

ಎಲ್ಲರೂ ಸೈದಾನಬಿಯ ಕಡೆ ತಿರುಗಿದರು. “ನಿಯಮ ತಿದ್ದಿದ್ರ ಹೆಂಗಸರಿಗೆಲ್ಲ ಮೈದಾನ ಬಂದ್ ಮಾಡತಾರಂತ. ಬೆಂಗಳೂರೂ ಇಲ್ಲ, ಸಂಘನೂ ಇಲ್ಲ. ಅಷ್ಟು ಕಷ್ಟಪಟ್ಟು ಕಟ್ಟೀವಿ...” ಎಂದು ನಿಲ್ಲಿಸಿದಳು. ಅವಳ ಕೈ ಮಡಿಲಲ್ಲೇ ಉಳಿಯಿತು.

“ಆಪಾ,” ಎಂದಳು ಪೀರಮ್ಮ. ಎದ್ದು ಹೋದಳು.

ಪಂದ್ಯದ ದಿನ ಮೈದಾನದ ಗೇಟಿನಲ್ಲಿ ವಾಚ್‌ಮನ್ ಮೌಲಾಲಿ ಅಡ್ಡ ನಿಂತ. ಪೀರಮ್ಮ ಬಳೆಯಿಲ್ಲದ ಕೈಯಲ್ಲಿ ಕೋಲು ಹಿಡಿದು, ಬಿಳಿ ಬೂಟು ಹಾಕಿ ಬಂದಿದ್ದಳು.

“ಅವ್ವಾ, ಬಿಡಬ್ಯಾಡ ಅಂದಾರ. ನನ್ನ ನೌಕರಿ ಹೋಗತದ.”

“ಹಂಗಾದ್ರ ನನ್ನ ದೂಡು. ದೂಡಿದೆ, ಆದ್ರೂ ಆಕಿ ನಿಲ್ಲಲಿಲ್ಲ ಅಂತ ಹೇಳು.”

ಅವನಿಂದ ಅವಳನ್ನು ಮುಟ್ಟಲಾಗಲಿಲ್ಲ. ಅವಳು ಅವನ ಪಕ್ಕದಿಂದ ಸರಿದು ಒಳಗೆ ಹೋದಳು.

ಉಳಿದವರು ಆಗಲೇ ಆಡುತ್ತ ಮುಂದೆ ಸಾಗಿದ್ದರು. ಪೀರಮ್ಮ ಅವರ ಹಿಂದಿನಿಂದ ಒಬ್ಬಳೇ ಆಡತೊಡಗಿದಳು. ಬೇಲಿಯಾಚೆ ಗಣಿಯ ಕೂಲಿಗಳು ಕೆಲಸ ಬಿಟ್ಟು ನೋಡುತ್ತಿದ್ದರು. ಮೊದಲ ಹೊಡೆತವೇ ಮಣ್ಣಿಗೆ ಬಿತ್ತು. ಎರಡನೆಯದು ಓರೆಯಾಗಿ ಜಾಲಿಯ ಪೊದೆಗೆ ಹೋಯಿತು. ಯಾವಾಗಲೂ ಗಾಳಿಯಂತೆ ತಿರುಗುತ್ತಿದ್ದ ತೋಳು ಕಟ್ಟಿಗೆಯಾಗಿತ್ತು. ಅವಳು ನಿಲ್ಲಲಿಲ್ಲ. ಪೊದೆಯಿಂದ ಚೆಂಡು ತೆಗೆದು ಹೊಡೆದಳು, ತಪ್ಪಿತು, ಮತ್ತೆ ಹೊಡೆದಳು. ಕಣ್ಣೀರಿನಲ್ಲಿ ಚೆಂಡೇ ಕಾಣುತ್ತಿರಲಿಲ್ಲ. ಭಾಗಮ್ಮ ದೂರದಿಂದ ತಿರುಗಿ ನೋಡಿ, “ಸಾಕು ಮಾಡು ತಂಗಿ, ಸಾಕು!” ಎಂದು ಕೂಗಿದಳು.

ಗಣಿಯ ಅಂಚಿನ ಕುಣಿಯ ಹತ್ತಿರ ಚೆಂಡು ಎರೆಮಣ್ಣಿನ ದೊಡ್ಡ ಬಿರುಕೊಂದರಲ್ಲಿ ಬಿದ್ದು ಮಾಯವಾಯಿತು. ಪೀರಮ್ಮ ಕೋಲು ಎಸೆದು ಮೊಣಕಾಲೂರಿ ಬಿರುಕಿನೊಳಗೆ ಕೈ ಹಾಕಿದಳು. ಮೊಣಕೈಯವರೆಗೆ ಇಳಿದರೂ ಸಿಗಲಿಲ್ಲ. ಉಗುರಿನಿಂದ ಮಣ್ಣಿನ ಹೆಂಟೆ ಕೀಳತೊಡಗಿದಳು. ಬೆರಳಿನಿಂದ ರಕ್ತ ಬಂತು. ಗಂಡನನ್ನು ಮಣ್ಣಿಗಿಟ್ಟಾಗಲೂ ಅಷ್ಟು ಗಟ್ಟಿಯಾಗಿ ಅಳದವಳು ಈಗ ಎಲ್ಲರಿಗೂ ಕೇಳುವಂತೆ ಅತ್ತಳು.

ಸೈದಾನಬಿ ತನ್ನ ಚೆಂಡನ್ನು ಅಲ್ಲೇ ಬಿಟ್ಟು ಓಡಿ ಬಂದಳು. ಎದುರಿಗೆ ಕೂತು, ಬಳೆಗಳನ್ನು ಮೇಲಕ್ಕೆ ಸರಿಸಿ, ತಾನೂ ಮಣ್ಣು ಕೀಳತೊಡಗಿದಳು.

“ಬಿಡು, ಆಪಾ. ನಿನ್ನ ಪಂದ್ಯ ಹಾಳಾಗತದ.”

“ಹಾಳಾಗಲಿ.”

ಸುದ್ದಿ ಮುಟ್ಟಿ ಮಜೀದ ಸಾಹೇಬರು ಜೀಪಿನಲ್ಲಿ ಬಂದರು. ಕಮಿಟಿಯ ಇನ್ನಿಬ್ಬರೂ ಜೊತೆಗಿದ್ದರು. ನೆಲದಲ್ಲಿ ಕೂತ ಹೆಂಡತಿಯನ್ನು ನೋಡಿ ಅವರ ಮುಖ ಬಿಳುಪೇರಿತು. “ಏಳ್ರಿ, ಮನಿಗಿ ನಡೀರಿ,” ಎಂದರು ಮೆಲ್ಲಗೆ.

“ಈಕಿನ್ನ ಹೊರಗ ಹಾಕೋದಾದ್ರ ನನ್ನ ಹೆಸರೂ ತೆಗೀರಿ,” ಎಂದಳು ಸೈದಾನಬಿ. “ಆ ಮಾತು ನಾ ಅವತ್ತೇ ಆಡಬೇಕಿತ್ತು.”

ಅವಳ ಹೆಸರನ್ನಷ್ಟೇ ಅಲ್ಲ, ಎಲ್ಲರ ಹೆಸರನ್ನೂ ತೆಗೆದರು. ಆ ವಾರವೇ ಹೆಂಗಸರಿಗೆ ಮೈದಾನ ಬಂದ್ ಆಯಿತು. ತಂಡ ಬರುವುದಿಲ್ಲವೆಂದು ಬೆಂಗಳೂರಿಗೆ ತಂತಿ ಹೋಯಿತು. ವಾಡಿಯವರು ಸ್ಟೇಶನ್ ಹಿಂದಿನ ಬಯಲಿನಲ್ಲಿ ಕುಣಿ ತೋಡಿಕೊಂಡು ಆಡಲು ನೋಡಿದರು. ಭಾಗಮ್ಮನ ಗಂಡನಿಗೆ ವರ್ಗವಾದ ಮೇಲೆ ಅದೂ ನಿಂತಿತು. ಕಾಲೊನಿಯ ಹೆಂಗಸರಲ್ಲಿ ಕೆಲವರು, ಪೀರಮ್ಮ ಹಟ ಮಾಡದಿದ್ದರೆ ಸಂಘ ಉಳಿಯುತ್ತಿತ್ತು ಎಂದು ಬಹಳ ಕಾಲ ಆಡಿಕೊಂಡರು.

ಪೀರಮ್ಮ ಅತ್ತೆಯ ಜೊತೆ ಗುಂಡಗುರ್ತಿಗೆ ಹೋದಳು. ಒಳಮನೆಯಲ್ಲಿ ಕೆಲವು ವರ್ಷ ಕಳೆದಳು. ಕೊನೆಗೆ ಒಂದು ದಿನ ಗುಂಡಮ್ಮನೇ, “ಹಿಂಗ ಒಣಗಿ ಸಾಯಬ್ಯಾಡ, ಓದೀದಿ, ಏನರ ಮಾಡು,” ಎಂದಳು. ಕಾಳಗಿಯ ಬಾಲವಾಡಿಯಲ್ಲಿ ಕೆಲಸ ಸಿಕ್ಕಿತು.

ಒಂದು ಬೇಸಿಗೆ ಸೈದಾನಬಿ ಹುಡುಕಿಕೊಂಡು ಅಲ್ಲಿಗೆ ಬಂದಳು. ಕೂದಲು ಬೆಳ್ಳಗಾಗಿತ್ತು. ಸಾಹೇಬರು ರಿಟೈರ್ ಆಗಿದ್ದಾರೆ, ಹೈದರಾಬಾದಿಗೆ ಹೊರಟಿದ್ದೇವೆ, ಮೈದಾನವನ್ನು ಗಣಿ ನುಂಗಿತು, ಎಂದಳು. ಆಮೇಲೆ ಪೀರಮ್ಮನ ಕೈ ಹಿಡಿದಳು.

“ಮಾಫ್ ಮಾಡೀದೇನು?”

ಮಾಡಿದ್ದೇನೆ ಎನ್ನಲು ಪೀರಮ್ಮನಿಗೆ ಆಗಲಿಲ್ಲ. ಇಲ್ಲವೆನ್ನಲೂ ಆಗಲಿಲ್ಲ.

“ಬಿಸಲಾಗ ಬಂದೀದಿ, ಆಪಾ. ಊಟ ಮಾಡು,” ಎಂದು ರೊಟ್ಟಿಯ ಬುಟ್ಟಿ ಕೆಳಗಿಳಿಸಿದಳು. ಸೈದಾನಬಿ ಚಾಪೆಯ ಮೇಲೆ ಕೂತಳು. ಇಬ್ಬರೂ ಒಂದೇ ತಾಟಿನಲ್ಲಿ ಉಂಡರು.