ಮಾಫಿ ಕೇಳದ ಹಾವಗೆಪ್ಪ ಕಾಕಾ

ಬೀದರಿನಲ್ಲಿ ಭಿಕ್ಷುಕನನ್ನು ಬಾಗಿಲಿನಿಂದ ಸಾಗಹಾಕಲು 'ಮಾಫ್ ಕರೋ ಬಾಬಾ', ಕ್ಷಮಿಸಪ್ಪಾ, ಎಂಬ ಒಂದು ಮಾತು ಸಾಕು. ಅಷ್ಟು ಮಾತನ್ನೂ ಆಡಲೊಲ್ಲದ ಮನುಷ್ಯ ನಮ್ಮ ಇಡೀ ಮೈಲೂರು ಓಣಿಯಲ್ಲಿ ಒಬ್ಬರೇ, ನನ್ನ ಹಾವಗೆಪ್ಪ ಕಾಕಾ. ಹೀಗಾಗಿ ಬಂದಬಂದವರಿಗೆಲ್ಲ ಬೊಗಸೆ ಜೋಳ ಸುರಿಯಬೇಕಾಗುತ್ತಿತ್ತು, 'ನಿಮ್ಮ ನಾಲಗಿ ಸೆಟದು ನಿಂತದ, ನನ್ನ ಡಬ್ಬಿ ಖಾಲಿ ಆಗ್ಲತದ' ಎಂದು ಅವರ ಹೆಂಡತಿ, ಕಾಕು ಸುಂದರಬಾಯಿ ಗೊಣಗುತ್ತಿದ್ದಳು. ತಪ್ಪಾದಾಗ ಕಾಕಾ 'ತಪ್ಪಾತು' ಎನ್ನುತ್ತಿದ್ದರು, ಅದೂ ನಾಲ್ಕು ಮನೆಗೆ ಕೇಳುವಂತೆ. ಮಾಫಿಯನ್ನು ಮಾತ್ರ ಯಾರಲ್ಲಿಯೂ ಬೇಡಿದವರಲ್ಲ.

ಈ ಹಠಕ್ಕೆ ಮೂಲ ಜೈಲು. ನಿಜಾಮನ ಆಳ್ವಿಕೆಯ ಕೊನೆಯ ವರ್ಷ ತಿರಂಗಾ ಹಾರಿಸಿದರೆಂದು ಹಿಡಿದು ಒಳಗೆ ಹಾಕಿದಾಗ, ಜೊತೆಯವರು ಅನೇಕರು ಮಾಫಿನಾಮೆಗೆ, ಅಂದರೆ ಕ್ಷಮಾಪತ್ರಕ್ಕೆ, ಸಹಿ ಹಾಕಿ ಮನೆ ಸೇರಿದರು, ಕಾಕಾ ಹಾಕಲಿಲ್ಲ. ಪೊಲೀಸ್ ಕಾರ್ಯಾಚರಣೆಯಾಗಿ, ಭಾರತದ ಸೈನ್ಯ ಬಂದು ಜೈಲಿನ ಬಾಗಿಲು ತೆರೆದಾಗ, ಬಲಗಾಲೆಳೆಯುವ ಹೊಸ ನಡಿಗೆಯೊಂದಿಗೆ, ಕೊರಳವರೆಗೆ ಗುಂಡಿ ಹಾಕಿದ ಹಳೆಯ ಕರಿ ಶೇರವಾನಿಯಲ್ಲಿಯೇ ಹೊರಬಂದರು. ನಿಜಾಮನ ಕಡೆಯವರ ಉಡುಪೆಂದು ಶೇರವಾನಿ ಕಂಡರೆ ಜನ ಕಲ್ಲೆತ್ತುತ್ತಿದ್ದ ದಿನಗಳವು. ಕಳಚಿಡಿ ಎಂದವರಿಗೆ, 'ಹೊಲಿದಾವ ಮಕ್ಬೂಲ, ಹೊಲಿಸಿದಾವ ನಾ. ನಡಬರಕ ನಿಜಾಮ ಯಾಕ ಬಂದ?' ಎಂದು ಕೇಳುತ್ತಿದ್ದರು. ಅಷ್ಟರಲ್ಲಾಗಲೇ ದರ್ಜಿ ಮಕ್ಬೂಲ ಬದುಕಿರಲಿಲ್ಲ. ಹೇಗೆ ಸತ್ತನೆಂದು ಓಣಿಯಲ್ಲಿ ಯಾರೂ ಬಾಯಿಬಿಡುತ್ತಿರಲಿಲ್ಲ.

ಮರುವರ್ಷ ನಾನು ಮೆಟ್ರಿಕ್ ಪಾಸಾದೆ. ತಂದೆಯಿಲ್ಲದ ನನಗೆ ಕಾಕಾನೇ ಪಾಲಕ. ಹೈದರಾಬಾದಿನ ಕಾಲೇಜಿನ ಫೀಸು ಕಟ್ಟುವ ಶಕ್ತಿ ನಮಗಿರಲಿಲ್ಲ. ಬಡವರಿಗೆ ಫೀಸು ಬಿಡುವ ಅರ್ಜಿಯೊಂದಿತ್ತು ನಿಜ, ಆದರೆ ಹಾಳಾದ್ದು, ಅದರ ಹೆಸರೇ 'ಫೀಸ್ ಮಾಫಿ'! ಹದಿನೈದು ದಿನ ಅದು ದೇವರ ಜಗಲಿಯ ಮೇಲೆ ಸಹಿಯಿಲ್ಲದೆ ಬಿದ್ದಿತ್ತು. ನಾನು ಅತ್ತೆ, ಊಟ ಬಿಟ್ಟೆ, ಕಾಕಾನನ್ನು ಮನಸ್ಸಿನಲ್ಲಿಯೇ ಶಪಿಸಿದೆ. ಕೊನೆಯ ದಿನ, ಹೈದರಾಬಾದಿನ ಟಪಾಲು ಹೊರಡಲು ಅರ್ಧ ತಾಸಿದೆ ಎನ್ನುವಾಗ, 'ನಡಿ ಗುರಮ್ಮಾ' ಎಂದು ಕಾಲೆಳೆಯುತ್ತ ಅರ್ಜಿ ಕಳಿಸುವ ಕಚೇರಿಗೆ ಹೊರಟರು.

ಅಲ್ಲಿನ ಗುಮಾಸ್ತರು ಅಬ್ದುಲ ವಾಹೀದ ಸಾಹೇಬರು. ಕಾಕಾ ನಿಂತೇ ಕೇಳಿದರು:

'ತಪ್ಪು ಮಾಡ್ದಾವ ಮಾಫಿ ಕೇಳ್ತಾನ್ರಿ. ಇಕಿ ಏನು ತಪ್ಪು ಮಾಡ್ಯಾಳ? ಓದ್ತೀನಿ ಅಂದದ್ದಾ?'

'ಬಡವರ ಮ್ಯಾಲ ಸರಕಾರದ್ದು ದಯಾ ಅದರಿ, ಹಾವಗೆಪ್ಪನೋರೆ.'

'ದಯಾ ಬ್ಯಾಡ. ಎಲ್ಲಾರ್ಗೂ ಬಿಟ್ಟಿ ಕಲಸ್ರಿ.'

'ಜಾಗೀರದಾರನ ಮಗಗೂ?'

'ಅವಗೂ ರೀ. ಅವನೂ ಬಿಟ್ಟಿ ಕಲತ್ರೇ ಇಕಿ ಅವನ ಬಾಜೂಕ ತಲಿ ಎತ್ತಿ ಕೂಡ್ತಾಳ.'

ಗೋಡೆಯ ಗಡಿಯಾರ ಓಡುತ್ತಿತ್ತು. ವಾಹೀದ ಸಾಹೇಬರು ಲೇಖನಿ ಕೆಳಗಿಟ್ಟು, ಬಾಗಿಲ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು: 'ನಾ ಬರದು ಕೊಟ್ಟೀನ್ರಿ ಮಾಫಿನಾಮಾ, ಈ ಹೊಸ ಸರಕಾರಕ್ಕ, ಹೋದ ಚಳಿಗಾಲದಾಗ. ಏನೂ ತಪ್ಪು ಮಾಡಿದ್ದಿಲ್ಲ. ನೌಕರಿ ಉಳೀಬೇಕಿತ್ತು.'

ಅಷ್ಟು ಹೊತ್ತು ನಿಂತೇ ಇದ್ದ ಕಾಕಾ ಅವರೆದುರಿಗೆ ಕೂತರು. ಆಮೇಲೆ, 'ತಪ್ಪಾತು ಸಾಹೇಬ್ರೆ' ಎಂದರು, ಆ ಮಾತನ್ನು ಅವರು ಮೆಲ್ಲಗೆ ಆಡಿದ್ದನ್ನು ನಾನು ಕೇಳಿದ್ದು ಅಂದೇ. 'ಆದ್ರ ನಾ ಹೇಳಿದ್ದೇ ಬರೀರಿ. ಇದು ಮಾಫಿ ಅಲ್ಲ, ಹಕ್ಕು.'

ಸಾಹೇಬರು ಹೊಸ ಹಾಳೆಯ ಮೇಲೆ ಉರ್ದುವಿನಲ್ಲಿ ಸರಸರನೆ ಬರೆದರು. ಕಾಕಾನಿಗೆ ಉರ್ದು ಓದಲು ಬಾರದು. ನಾನು ಕಲಿತದ್ದೇ ಉರ್ದುವಿನಲ್ಲಿ. ಹಾಳೆ ನನ್ನ ಕೈಗೆ ಬಂತು. 'ಓದವ್ವಾ.'

'ನಾನು ಗರೀಬ. ಮೆಹರಬಾನಿ ಮಾಡಿ ಮಾಫಿ ನೀಡಬೇಕು' ಎಂದು ಅದರಲ್ಲಿತ್ತು.

ತಲೆಯೆತ್ತಿದೆ. ಸಾಹೇಬರ ಕಣ್ಣು ನನ್ನನ್ನೇ ಬೇಡುತ್ತಿತ್ತು. ಕಾಲೇಜು ಬೇಕಾಗಿತ್ತು ನನಗೆ, ಎಷ್ಟು ಬೇಕಾಗಿತ್ತೆಂದರೆ ನಾಚಿಕೆಯೂ ಆಗಲಿಲ್ಲ. 'ಇದು ಮಾಫಿ ಅಲ್ಲ, ಹಕ್ಕು' ಎಂದು ಗಟ್ಟಿಯಾಗಿ ಓದಿದೆ. ಕಾಕಾ ಕೆಳಗೆ ದಪ್ಪ ಕನ್ನಡ ಅಕ್ಷರಗಳಲ್ಲಿ ತಮ್ಮ ಹೆಸರು ಬರೆದರು.

ಫೀಸು ಮಾಫಿಯಾಯಿತು. ಕಾಕಾನ ಸಂಭ್ರಮವನ್ನು ಏನು ಹೇಳಲಿ! ಶೇರವಾನಿ ತೊಟ್ಟು ಭಾಲ್ಕಿಗೆ ಹೋದರು, ಔರಾದಕ್ಕೆ ಹೋದರು, 'ಹಕ್ಕು ಅಂತ ಬರದು ಕೇಳ್ರಿ, ಸರಕಾರ ಕೊಡ್ತದ' ಎಂದು ಕಂಡಕಂಡವರಿಗೆ ಸಾರಿದರು. ಔರಾದದ ದತ್ತಾತ್ರಿ ಆ ಮಾತು ನಂಬಿ ತನ್ನ ತಮ್ಮನಿಗಾಗಿ ಹಾಗೆಯೇ ಬರೆಸಿ ಕಳಿಸಿದ. ಅರ್ಜಿ ತಿರಸ್ಕೃತವಾಗಿ ಬಂತು. ಆ ತಮ್ಮ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. 'ಬರದವನ ಅಕ್ಷರ ಕೆಟ್ಟಿರಬೇಕು' ಎಂದು ಕಾಕಾ ಮರುಗಿದರು. ನಾನು ಬಿ.ಎ. ಓದುತ್ತಿದ್ದೆ, ಸುಮ್ಮನಿದ್ದೆ.

ಬಾಗದ ಮನುಷ್ಯರನ್ನು ಲೋಕ ಕೊಂಡಾಡುತ್ತದೆ, ಕೊಂಡಾಡಲೇಬೇಕು. ಕಾಕಾ ಅಂದು ಕೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲವೆಂದು ಈಗಲೂ ನಂಬಿದ್ದೇನೆ. ಆದರೆ ಇಂಥವರು ನೆಟ್ಟಗೆ ನಿಂತಲ್ಲೆಲ್ಲ, ಅವರಿಗೆ ತಿಳಿಯದ ಹಾಗೆ ಅವರ ಪಾಲಿನದನ್ನೂ ಬಾಗಿ ಮುಗಿಸಿದವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಕಾಕಾ ಕಣ್ಣು ಮುಚ್ಚುವವರೆಗೂ ನಾನು ನಿಜ ಹೇಳಲಿಲ್ಲ. ಹೇಳಿದ್ದರೆ ಮಾಫಿ ಕೇಳಬೇಕಾಗುತ್ತಿತ್ತು. ಆ ಮಾತು ನಮ್ಮ ಮನೆಯಲ್ಲಿ ಇರಲಿಲ್ಲ.