ತೆಗೆಯದ ಮುಚ್ಚಳ

ಕಂಪ್ಯೂಟರಿಗೆ ಬುದ್ಧಿ ತುಂಬಲು ಬಿಸ್ಕತ್ತು ಕಾರ್ಖಾನೆಯ ಹಳೇ ಫಿಟ್ಟರ್ ಎರಡು ತಿಂಗಳು ಗಂಟಲು ಹರಿದುಕೊಂಡಿದ್ದ. ಎಲ್ಲರೂ ಅವನನ್ನು ಗೊಣಗಣ್ಣ ಎನ್ನುತ್ತಿದ್ದರು. ಯಾವ ಯಂತ್ರ ಯಾರ ಬೆರಳು ತಿಂದಿತು, ಯಾಕೆ ತಿಂದಿತು, ಒಂದೂ ಬಿಡದೆ ಹೇಳಿದ್ದ. ಅದೇ ನೂರಾ ಹನ್ನೆರಡು ನಿಯಮವಾಗಿ ಒಳಗೆ ಕೂತಿತ್ತು. ಹೊಸ ಯಂತ್ರದ ನಕ್ಷೆ ಬಂದರೆ ಕಂಪ್ಯೂಟರು ಪ್ರಶ್ನೆ ಕೇಳುತ್ತದೆ, ಉತ್ತರ ನೋಡಿ ಕೆಲಸಗಾರರಿಗೆ ಅಪಾಯ ಉಂಟೋ ಇಲ್ಲವೋ ಹೇಳುತ್ತದೆ.

ಹಿಟ್ಟು ಲಟ್ಟಿಸುವ ಹೊಸ ಯಂತ್ರಕ್ಕೆ ಅದು "ಅಪಾಯವಿಲ್ಲ" ಎಂದಿತು. ಸೋಮವಾರದಿಂದ ಅದರ ಮುಂದೆ ನಿಲ್ಲಬೇಕಾದವಳು ಗೊಣಗಣ್ಣನ ತಂಗಿಯ ಮಗಳು. ಅವನು ಉತ್ತರದ ಹಾಳೆ ತರಿಸಿ ಓದಿದ. "ರೋಲರು ತಿರುಗುವಾಗ ಮುಚ್ಚಳ ತೆಗೆಯುತ್ತಾರೆಯೇ?" ಮ್ಯಾನೇಜರು "ಇಲ್ಲ" ಎಂದು ಬರೆದಿದ್ದ. ಹಿಟ್ಟು ಅಂಟದ ರೋಲರು ಲೋಕದಲ್ಲಿ ಎಲ್ಲಿದೆ? ನಿಲ್ಲಿಸಿದರೆ ಕೆಲಸ ಹಿಂದೆ ಬೀಳುತ್ತದೆಂದು, ಹಳೇ ಯಂತ್ರಗಳಲ್ಲಿ ತಿರುಗುವಾಗಲೇ ಕೈ ಹಾಕಿಸಿ ಕೆರೆಸುವವನೂ ಇದೇ ಮಹಾನುಭಾವ.

"ಸಾರ್, ಇದು ಹಸೀ ಸುಳ್ಳು."

"ಮೊದಲು ಹೌದು ಅಂತಾನೇ ಹಾಕಿದ್ದೆ ಕಣಯ್ಯ, ಕೆಂಪು ತೋರಿಸ್ತು. ಇಲ್ಲ ಅಂದೆ, ಹಸಿರಾಯ್ತು. ಸುಮ್ನೆ ತಲೆ ತಿನ್ಬೇಡ."

ಗೊಣಗಣ್ಣ ಹಾಳೆಯನ್ನು ಮಡಚಿ ಜೇಬಿಗಿಟ್ಟ. ಕಳ್ಳನ ಕೈಗೆ ಕೀಲಿ ಕೊಟ್ಟೆನಲ್ಲ!

"ಬಿಡಿ ಮಾವ, ನಾನು ಹುಷಾರಾಗಿರ್ತೀನಿ," ಎಂದಳು ಸಂಜೆ ವಿಷಯ ತಿಳಿದ ತಂಗಿಯ ಮಗಳು.

"ಹುಷಾರಾಗಿದ್ದೋರ ಬೆರಳೇ ಕಣೇ ನಾನು ಹಿಟ್ಟಲ್ಲಿ ಹುಡುಕಿದ್ದು."

ಸೋಮವಾರ ಯಂತ್ರ ಶುರುವಾಗಿ ಅರ್ಧ ಗಂಟೆಗೆ ರೋಲರಿಗೆ ಹಿಟ್ಟು ಮೆತ್ತಿಕೊಂಡು, ಲಟ್ಟಿಸಿದ್ದೆಲ್ಲ ಹರಿದ ಚಿಂದಿಯಂತೆ ಬರತೊಡಗಿತು. ಮುಚ್ಚಳ ಎತ್ತಲು ಹೋದರೆ ನಾಲ್ಕೂ ಕಡೆ ಬೆಸುಗೆ! ಯಂತ್ರ ನಿಂತಿತು. ಮ್ಯಾನೇಜರು ಓಡಿಬಂದ.

"ಯಾವನೋ ಅವನು ಬೆಸುಗೆ ಹಾಕಿದ್ದು?"

"ನಾನೇ ಸಾರ್. ತೆಗೆಯೋದೇ ಇಲ್ಲ ಅಂತ ನೀವೇ ಬರೆದಿದ್ರಲ್ಲ."

"ತಲೆ ಕೆಟ್ಟಿದೆಯೇನಯ್ಯ? ತಿರುಗುವಾಗ್ಲೇ ದಿನಕ್ಕೆ ಹತ್ತು ಸಲ ತೆಗೀಬೇಕು ಅದನ್ನ!"

ಸಾಲಾಗಿ ಕೆಲಸಕ್ಕೆ ನಿಂತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಗೊಣಗಣ್ಣ ಹಾಳೆಯನ್ನೂ ಪೆನ್ನನ್ನೂ ಮುಂದೆ ಹಿಡಿದ.

"ಅದನ್ನೇ ಇಲ್ಲಿ ಬರೀರಿ."

"ಹೌದು, ಮೊದಲು ಬರೀರಿ ಸಾರ್," ಎಂದು ಹುಡುಗಿ ಕೈಕಟ್ಟಿ ನಿಂತಳು. ಉಳಿದವರೂ ಕೈಕಟ್ಟಿದರು.

ಹಲ್ಲು ಕಡಿಯುತ್ತ ಮ್ಯಾನೇಜರು ಉತ್ತರ ತಿದ್ದಿದ. ಕಂಪ್ಯೂಟರು ಕೆಂಪು ತೋರಿಸಿತು. ಆಗ ಅವನು ಗೊಣಗಣ್ಣನ ಹೆಗಲ ಮೇಲೆ ಕೈಹಾಕಿ, ಬೆಣ್ಣೆಯಂಥ ದನಿಯಲ್ಲಿ ಕೇಳಿದ:

"ಗುರುವೇ, ಇದಕ್ಕೆ ಪಾಠ ಹೇಳಿದೋನು ನೀನೇ ಅಲ್ವಾ? ಇನ್ಯಾವ ಉತ್ತರ ಬದಲಾಯಿಸಿದ್ರೆ ಹಸಿರಾಗುತ್ತೆ, ಹೇಳು."

ಗೊಣಗಣ್ಣ ಆ ಕೈಯನ್ನು ಹೆಗಲಿಂದ ಕಿತ್ತೆಸೆದ. ಥೂ ಎಂದು ಅವನ ಕಾಲ ಬುಡದಲ್ಲೇ ಉಗಿದ. ತಂಗಿಯ ಮಗಳ ಕೈ ಹಿಡಿದು ಯಂತ್ರದ ಮುಂದಿನಿಂದ ಈಚೆಗೆ ಕರೆದುಕೊಂಡು ಬಂದ.